ಬಾತುಕೋಳಿ ಮತ್ತು ಹುಡುಕುಪೆಟ್ಟಿಗೆ

ಆಯಾ ಕೆರೆಯವರು ಸುದ್ದಿ ಬರೆದಿಡಲು ಕೆರೆಗೊಂದು ಸರ್ವರ್ ಇದ್ದ ನಾಡಿನಲ್ಲಿ, ಮರಿ ಕಳೆದುಕೊಂಡ ಬಾತುಕೋಳಿಯೊಂದು ಬ್ರೌಸರ್ ತೆರೆದು ತನ್ನ ಕೆರೆಯ ಹುಡುಕುಪೆಟ್ಟಿಗೆಯನ್ನು ಕೇಳಿತು: "ಕುಂಟುವ ಮರಿಯ ಸುದ್ದಿ ಯಾರಾದರೂ ಬರೆದಿದ್ದಾರೆಯೇ?"

"ಅಂಥ ಮರಿ ಲೋಕದಲ್ಲೇ ಇಲ್ಲ," ಎಂದಿತು ಪೆಟ್ಟಿಗೆ. "ಅಳುವುದಿದ್ದರೆ ಅತ್ತುಬಿಡಮ್ಮ."

"ಯಾವ ಲೋಕ ನೋಡಿದೆಯಪ್ಪ?"

"ನಮ್ಮ ಕೆರೆ. ಜೊತೆಗೆ, ನಮ್ಮವರು ಹಿಂಬಾಲಿಸುವ ಎರಡು ಕೆರೆ. ಬೇರೆ ಕೆರೆಗಳ ಸುದ್ದಿ ನನ್ನವರೆಗೆ ಬರುವುದಿಲ್ಲ."

ಬಾತುಕೋಳಿ ಅಳಲಿಲ್ಲ. ಉಳಿದ ಕೆರೆಗಳ ಪುಟಗಳನ್ನು ತಾನೇ ಒಂದೊಂದಾಗಿ ತೆರೆಯಿತು. ಹನ್ನೊಂದನೆಯದು ಯಾರೂ ಹಿಂಬಾಲಿಸದ ಬಸವನಹುಳುಗಳ ಹೊಂಡ. ಅಲ್ಲಿ ಮೂರು ದಿನದ ಹಿಂದೆಯೇ ಬರೆದಿತ್ತು: "ಕುಂಟುವ ಬಾತುಮರಿಯೊಂದು ನಮ್ಮಲ್ಲಿದೆ. ತಾಯಿ ಬರಲಿ."

ಮರಿಯೊಂದಿಗೆ ಮರಳಿದ ಬಾತುಕೋಳಿಯನ್ನು ಕಂಡು ಪೆಟ್ಟಿಗೆ, "ನಾನೂ ಹುಡುಕಿದ್ದೆನಲ್ಲ!" ಎಂದು ಗೊಣಗಿತು.

"ಹುಡುಕಿದ್ದೆ, ಸರಿ. ಆದರೆ 'ನನಗೆ ಕಾಣಲಿಲ್ಲ' ಎನ್ನುವ ಬದಲು 'ಇಲ್ಲ' ಎಂದುಬಿಟ್ಟೆ. ನಾನು ನಂಬಿ ಕೂತಿದ್ದರೆ ಅದೇ ನಿಜವಾಗುತ್ತಿತ್ತು."