ಬಾಲ ಕಡಿಯದ ಗಂಟು

ಆ ಕೆರೆಯ ಈ ದಂಡೆಯಲ್ಲಿ ನಿಂತವರಿಗೆ ಆ ದಂಡೆ ಕಾಣುವುದಿಲ್ಲ. ಹೊಸಬರು ಬಂದರೆ ಇದು ಸಮುದ್ರವೇ ಇರಬೇಕೆಂದು ಬಾಯಿ ಬಿಟ್ಟು ನೋಡುತ್ತಾರೆ. ದಂಡೆಯ ಬೆಸ್ತರು ಅವರನ್ನು ತಿದ್ದಲು ಹೋಗುವುದಿಲ್ಲ. ತಮ್ಮ ಕೆರೆಯ ಮೇಲೆ ಅವರಿಗೆ ಅಷ್ಟು ಹೆಮ್ಮೆ.

ಅಲ್ಲಿ ಗಾಳ ಹಾಕುವವರಿಗೆಲ್ಲ ಗುರು ಹೊನ್ನೂರಜ್ಜ. ದಂಡೆಯ ಮೇಲೊಂದು ಗುಡಿಸಲು, ನೀರಲ್ಲೊಂದು ಹಳೆಯ ಹರಿಗೋಲು, ಇಷ್ಟೇ ಅಜ್ಜನ ಆಶ್ರಮ.

ಅಜ್ಜನ ಹತ್ತಿರ ಹುಲುಗಪ್ಪ ಎಂಬ ಶಿಷ್ಯನಿದ್ದ. ಗಾಳ ಕಟ್ಟುವುದರಲ್ಲಿ ಅವನನ್ನು ಮೀರಿಸುವವರು ದಂಡೆಯಲ್ಲಿ ಯಾರೂ ಇರಲಿಲ್ಲ. ತಂಗೂಸಿ ಎಂಬ ನೈಲಾನ್ ದಾರಕ್ಕೆ ಅವನು ಕೊಕ್ಕೆ ಕಟ್ಟಿದನೆಂದರೆ ಎತ್ತು ಹೂಡಿ ಎಳೆದರೂ ಬಿಚ್ಚದು. ನವಿಲುಗರಿಯ ದಂಟಿನಲ್ಲಿ ಅವನು ಮಾಡಿದ ಬೆಂಡು ನೀರಿನ ಮೇಲೆ ನಿಂತರೆ ನೋಡಲೆಂದೇ ಜನ ಬರುತ್ತಿದ್ದರು. ಇದು ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ಹುಲುಗಪ್ಪನಿಗೆ ಗೊತ್ತಿತ್ತು.

ಆದರೂ ಅವನ ಗಂಟಿಗೆ ಇನ್ನೂ ಬಾಲವಿತ್ತು.

ಅದು ಆ ದಂಡೆಯ ಪದ್ಧತಿ. ಶಿಷ್ಯ ಕಟ್ಟಿದ ಗಾಳದಲ್ಲಿ ಗಂಟಿನಾಚೆ ಉಳಿದ ದಾರವನ್ನು ಕತ್ತರಿಸುವಂತಿಲ್ಲ. ಬೆರಳುದ್ದ ತುದಿ ಜೋತಾಡುತ್ತಲೇ ಇರಬೇಕು. ಶಿಷ್ಯ ಕೆರೆಗೆ ತಕ್ಕವನಾದ ದಿನ ಆ ಬಾಲವನ್ನು ಹಲ್ಲಿನಿಂದ ಕಡಿಯಬೇಕು. ಗುರುವೇ ಕಡಿಯುತ್ತಾನೆ ಎಂಬುದು ಶಿಷ್ಯರ ನಡುವಿನ ಮಾತು. ಬಾಲ ಹೋದವನಿಗೆ ಸ್ವಂತ ಹರಿಗೋಲು, ನೀರಿನಲ್ಲಿ ಸ್ವಂತ ಜಾಗ. ಬಾಲ ಇದ್ದವನು ಎಷ್ಟು ಮೀನು ಹಿಡಿದರೂ ಶಿಷ್ಯನೇ.

ತನ್ನ ಜತೆಗೆ ಬಂದವರ ಬಾಲವೆಲ್ಲ ಹೋಗಿ ತನ್ನದೊಂದೇ ಉಳಿದಿದೆಯಲ್ಲ ಎಂದು ಹುಲುಗಪ್ಪ ಒಳಗೊಳಗೇ ಕುದಿಯುತ್ತಿದ್ದ. ದಂಡೆಯಲ್ಲಿ ಕೆಲವರು ಅವನನ್ನು ಬಾಲದ ಹುಲುಗಪ್ಪ ಎಂದೇ ಕರೆಯತೊಡಗಿದ್ದರು.

ಒಂದು ಮಧ್ಯಾಹ್ನ ಅವನು ಹೊಸ ಗಾಳ ಕಟ್ಟಿ ಅಜ್ಜನ ಮುಂದಿಟ್ಟ. ಒಂದು ದಾರಕ್ಕೆ ಮೂರು ಕವಲು, ಮೂರು ಕೊಕ್ಕೆ, ಕೆಂಪು ಬಣ್ಣದ ಬೆಂಡು.

ಅಜ್ಜ ದಾರ ಹಿಡಿದು ಜಗ್ಗಿ ನೋಡಿದ.

“ಗಂಟು ಗಟ್ಟಿ ಐತಿ,” ಅಂದ. ಗಾಳವನ್ನು ತಿರುಗಿ ಅವನ ಕೈಗೇ ಕೊಟ್ಟ.

ಹುಲುಗಪ್ಪ ಹಲ್ಲು ಕಚ್ಚಿಕೊಂಡು ಒಳಗೆ ಹೋದ. ಅಜ್ಜನ ಊಟದ ಹೊತ್ತು. ಮೀನಿನ ಸಾರಿನಲ್ಲಿ ರೊಟ್ಟಿ ಮುರಿದು, ಅದು ಮೆತ್ತಗಾಗುವವರೆಗೆ ನೆನೆಸಿ, ತಂದು ಅಜ್ಜನ ಮುಂದಿಟ್ಟ. ಊಟವಾದ ಮೇಲೆ ಎಲೆ ಅಡಿಕೆಯನ್ನು ಸಣ್ಣ ಒರಳಿನಲ್ಲಿ ನುಣ್ಣಗೆ ಕುಟ್ಟಿ ಕೊಟ್ಟ. ದಿನವೂ ಅವನೇ ಮಾಡುವ ಸೇವೆ ಅದು. ಅದರಲ್ಲೂ ಅವನ ಕೈ ಅಚ್ಚುಕಟ್ಟು.

ಕುಟ್ಟುತ್ತ ಕುಟ್ಟುತ್ತ ಕೇಳಿಯೇಬಿಟ್ಟ.

“ಅಜ್ಜಾರ, ಪಟ್ಟೆಮೀನಿಗೆ ಯಾವ ಗಾಳ ಕಟ್ಟಿದ್ರ ನಿಮ್ಮ ಮನಸ್ಸಿಗೆ ಬರ್ತತಿ, ಹೇಳಿಬಿಡ್ರಿ. ಅದನ್ನ ಕಟ್ತೀನಿ.”

“ನನ್ನ ಮನಸ್ಸಿಗೆ ಯಾಕ ಬರಬೇಕು?” ಅಂದ ಅಜ್ಜ. “ನಾನೇನು ಮೀನೇನು?”

ಪಟ್ಟೆಮೀನೆಂದರೆ ಆ ಕೆರೆಯ ದೊರೆ. ಮೈಮೇಲೆ ಕರಿ ಪಟ್ಟೆ, ಬೆನ್ನ ಮೇಲೆ ನೆಟ್ಟಗೆ ನಿಂತ ಮುಳ್ಳು. ಅದು ಹಿಂಡುಗಟ್ಟಿ ತಿರುಗುತ್ತದೆ. ಅಷ್ಟು ದೊಡ್ಡ ಕೆರೆಯಲ್ಲಿ ಅದು ಇವತ್ತು ಎಲ್ಲಿದೆ, ಎಷ್ಟು ಆಳದಲ್ಲಿದೆ ಎಂದು ತಿಳಿಯುವುದೇ ಗಾಳದವನ ವಿದ್ಯೆ.

ಸಂಜೆಗೆ ಗುರುಶಿಷ್ಯರಿಬ್ಬರೂ ಹರಿಗೋಲು ಹತ್ತಿದರು. ಹುಲುಗಪ್ಪ ಮೂರು ಕೊಕ್ಕೆಗೂ ಎರೆಹುಳು ಸಿಕ್ಕಿಸಿ ಗಾಳ ಬಿಟ್ಟ. ಕೆಂಪು ಬೆಂಡು ಬಹಳ ಚಂದ ಕಂಡಿತು. ಹೊತ್ತು ಮುಳುಗುವವರೆಗೆ ಚಂದವಾಗಿಯೇ ನಿಂತಿತ್ತು, ಒಮ್ಮೆಯೂ ಅಲುಗಲಿಲ್ಲ.

“ಮೀನಿಗೆ ಹಸಿವಿಲ್ಲ,” ಅಂದ ಹುಲುಗಪ್ಪ.

ಅಜ್ಜ ಕೈಚಾಚಿ ಗಾಳ ಎಳೆದುಕೊಂಡು ಮೂರು ಕೊಕ್ಕೆಯನ್ನೂ ಚಾಕುವಿನಿಂದ ಕತ್ತರಿಸಿ ತೆಗೆದ. ದಾರದ ತುದಿಗೆ ಸೀಸದ ಗುಂಡೊಂದನ್ನು ಕಟ್ಟಿದ. ಸೊಂಟದ ಚೀಲದಿಂದ ಜೇನುಮೇಣ ತೆಗೆದು ಗುಂಡಿನ ಬುಡಕ್ಕೆ ಮೆತ್ತಿ, ಶಿಷ್ಯನ ಕೈಗೆ ಕೊಟ್ಟ.

“ಕೊಕ್ಕೆ ಇಲ್ಲದ ಗಾಳಕ್ಕ ಮೀನು ಬೀಳ್ತಾವೇನ್ರಿ?”

“ಮೀನು ಯಾರು ಕೇಳಿದ್ರು? ಕೆರೀನ ಮಾತಾಡಿಸಿ ಬಾ.”

ಮರುದಿನವೆಲ್ಲ ಹುಲುಗಪ್ಪ ಕೊಕ್ಕೆಯಿಲ್ಲದ ದಾರ ಹಿಡಿದು ಹರಿಗೋಲಿನಲ್ಲಿ ಕೆರೆ ಸುತ್ತಿದ. ದಂಡೆಯಲ್ಲಿದ್ದವರು ನೋಡಿ ಮುಸಿಮುಸಿ ನಕ್ಕರು. ಅವನಿಗೆ ಮೈಯೆಲ್ಲ ಉರಿಯಿತು, ಆದರೆ ಕೈ ಕೆಲಸ ಬಿಡಲಿಲ್ಲ. ಗುಂಡು ಬಿಡುವುದು, ತಳ ಮುಟ್ಟಿದ್ದು ಬೆರಳಿಗೆ ತಿಳಿಯುವುದು, ಎಳೆದು ನೋಡುವುದು. ಮೇಣಕ್ಕೆ ಬರೀ ಕಪ್ಪು ಕೆಸರು ಅಂಟುತ್ತಿತ್ತು. ಒಂದು ಕಡೆ ಮಾತ್ರ ಸಣ್ಣ ಹರಳು ಅಂಟಿ ಬಂತು. ಅಲ್ಲೇ ಸ್ವಲ್ಪ ಆಚೆ ಬಿಟ್ಟರೆ ದಾರ ತಟ್ಟನೆ ಸಡಿಲವಾಯಿತು. ಆಳ ಕಡಿಮೆ! ಅಲ್ಲಿಂದಾಚೆ ಮತ್ತೆ ಆಳ.

ದಂಡೆ ಮುಟ್ಟಿದವನೇ ಅವನು ಓಡಿಬಂದ.

“ಅಜ್ಜಾರ, ನೀರಾಗ ಬದು ಐತ್ರಿ! ಕೆರಿ ತುಂಬೋದಕ್ಕ ಮುಂಚೆ ಅಲ್ಲಿ ಹೊಲ ಇತ್ತು ಅನಸ್ತತಿ. ಬದುವಿನ ಮ್ಯಾಲೆಲ್ಲ ಹರಳು. ಪಟ್ಟೆಮೀನು ಅಲ್ಲೇ ನಿಂತಿರ್ತಾವು.”

“ಹೂಂ. ಏನು ಮಾಡ್ತಿ?”

“ಬೆಂಡು ಬ್ಯಾಡ. ಗುಂಡು ಬುಡಕ್ಕ ಕಟ್ತೀನಿ. ಅದರ ಮ್ಯಾಲೆ ಮೊಳದ ಎತ್ತರಕ್ಕ ಒಂದ ಕೊಕ್ಕೆ. ಗುಂಡು ಹರಳಿನ ಮ್ಯಾಲೆ ಕೂತಿರ್ತತಿ, ಹುಳ ಮೀನಿನ ಬಾಯಿ ಎದುರಿಗೇ ಆಡ್ತಿರ್ತತಿ.”

ಅಜ್ಜ ಎಲೆ ಅಡಿಕೆ ಹಾಕಿಕೊಂಡ.

ಆ ಸಂಜೆ ಬುಟ್ಟಿ ತುಂಬ ಪಟ್ಟೆಮೀನು ಬಂತು. ಹುಲುಗಪ್ಪ ದಂಡೆಯ ಉದ್ದಕ್ಕೂ, ಬೇಕೆಂದೇ ಸುತ್ತು ಹಾಕಿಕೊಂಡು, ಎಲ್ಲರ ಮುಂದೆ ಬುಟ್ಟಿ ಹೊತ್ತು ನಡೆದ. ಯಾರೂ ಮುಸಿಮುಸಿ ನಗಲಿಲ್ಲ. ಅಂಥ ಗಾಳವನ್ನು ಆ ದಂಡೆಯಲ್ಲಿ ಯಾರೂ ಕಟ್ಟಿರಲಿಲ್ಲ. ಅವನ ಎದೆ ಹಿಗ್ಗಿತ್ತು, ಹಿಗ್ಗುವುದು ನ್ಯಾಯವೇ ಆಗಿತ್ತು.

ಗಾಳವನ್ನು ಎರಡೂ ಕೈಯಲ್ಲಿ ಹಿಡಿದು ಅಜ್ಜನ ಮುಂದೆ ಮಂಡಿಯೂರಿದ.

ಅಜ್ಜ ಜಗ್ಗಿ ನೋಡಿದ.

“ಗಂಟು ಗಟ್ಟಿ ಐತಿ,” ಅಂದ. ತಿರುಗಿ ಕೊಟ್ಟ.

ಹುಲುಗಪ್ಪನ ಕಣ್ಣಲ್ಲಿ ನೀರು ಬಂತು.

“ಇನ್ನೇನು ಮಾಡಲ್ರಿ ನಾನು? ಸಾಕು ಅಜ್ಜಾರ. ನಾಳೆ ಬಲೆಯವರ ಜೋಡಿ ಹಗ್ಗ ಎಳೆಯಾಕ ಹೋಗ್ತೀನಿ.”

ಗಾಳದವನಿಗೆ ಅದಕ್ಕಿಂತ ದೊಡ್ಡ ಸೋಲಿಲ್ಲ. ಬಲೆ ಎಳೆಯುವವರಿಗೆ ಕೆರೆಯ ಗೊಡವೆ ಬೇಕಿಲ್ಲ, ರಟ್ಟೆ ಇದ್ದರೆ ಸಾಕು. ಅಜ್ಜನಿಗೂ ಅದು ಗೊತ್ತು.

“ಹೋಗುವಿಯಂತ,” ಅಂದ ಅಜ್ಜ. “ಹೋಗೋದಕ್ಕ ಮುಂಚೆ ಒಂದು ಸಲ ಒಬ್ಬನೇ ಕೆರಿಗೆ ಹೋಗಿ ಬಾ.”

ಬೆಳಗಾಗುವ ಹೊತ್ತಿಗೆ ಗಾಳಿ ದಿಕ್ಕು ಬದಲಿಸಿತ್ತು. ಹುಲುಗಪ್ಪ ಗುಡಿಸಲಿನಲ್ಲಿ ಚಾಕು ಮರೆತು, ಸಿಟ್ಟಿನಲ್ಲೇ ಹರಿಗೋಲು ಹತ್ತಿ, ಅದೇ ಬದುವಿನ ಮೇಲೆ ಅದೇ ಗಾಳ ಬಿಟ್ಟ.

ಏನೂ ಇಲ್ಲ. ಇನ್ನೊಮ್ಮೆ ಬಿಟ್ಟ. ಏನೂ ಇಲ್ಲ.

ಆಗ ಆಚೆ, ಒಂದು ಕಲ್ಲೆಸೆತದ ದೂರದಲ್ಲಿ, ನೀರಿನ ಮೇಲೆ ಬೆಳ್ಳಿಯ ಚೂರುಗಳು ಹಾರಿದವು. ಸಣ್ಣ ಮರಿಮೀನು! ಪಟ್ಟೆಮೀನಿನ ಹಿಂಡು ತಳ ಬಿಟ್ಟು ಮೇಲೆ ಬಂದು ಅವುಗಳನ್ನು ಅಟ್ಟುತ್ತಿತ್ತು. ಅವನ ಭಾರದ ಗುಂಡು ಆ ಹಿಂಡನ್ನು ದಾಟಿ, ಯಾರೂ ಇಲ್ಲದ ತಳಕ್ಕೆ ಹೋಗಿ ಕೂತಿತ್ತು.

ಹುಲುಗಪ್ಪ ಗಾಳ ಎಳೆದುಕೊಂಡ. ಗುಂಡು ಬಿಚ್ಚಬೇಕು. ಬಿಚ್ಚಲಾಗಲಿಲ್ಲ. ಎತ್ತು ಎಳೆದರೂ ಬಿಚ್ಚದ ಗಂಟು ಅದು. ಉಗುರು ಹಾಕಿದ, ಉಗುರು ಕಿತ್ತುಬಂತು. ನಿನ್ನೆ ದಂಡೆಯ ಬಾಯಿ ಮುಚ್ಚಿಸಿದ್ದ ಗಾಳ, ಅವನು ಕಟ್ಟಿದವುಗಳಲ್ಲೇ ಚಂದದ್ದು.

ಹಿಂಡು ದೂರವಾಗುತ್ತಿತ್ತು.

ದಾರ ಬಾಯಿಗಿಟ್ಟು ಕಚ್ಚಿದ. ಗುಂಡೂ ಗಂಟೂ ಹರಿಗೋಲಿನ ತಳಕ್ಕೆ ಬಿದ್ದವು. ಸಣ್ಣ ಕೊಕ್ಕೆ, ಗುಂಡಿಲ್ಲದ ಬರೀ ದಾರ, ಮರಿಮೀನಿನಂತೆ ಮಿಂಚಲೆಂದು ತನ್ನ ಬಿಳಿ ಪಂಚೆಯ ಅಂಚಿನಿಂದ ಕಿತ್ತ ಒಂದು ಎಳೆ. ಕೈಗೆ ಬಂದಂತೆ ಗಂಟು ಹಾಕಿದ. ಏನೋ ಅಡ್ಡ ಬಂತು, ಅದನ್ನೂ ಕಚ್ಚಿ ಉಗಿದ. ಹಿಂಡಿನ ಹತ್ತಿರಕ್ಕೆ ಹರಿಗೋಲು ನಡೆಸಿ ಗಾಳ ಬೀಸಿದ.

ಎಳೆ ನೀರು ಮುಟ್ಟುವುದೇ ತಡ, ದಾರ ಬಿಗಿಯಾಯಿತು.

ಅವನು ದಂಡೆಗೆ ಮರಳುವಾಗ ಹರಿಗೋಲು ಭಾರಕ್ಕೆ ಕುಸಿದಿತ್ತು. ಹಾಡು ಬರದವನು ಹಾಡುತ್ತಿದ್ದ. ಬುಟ್ಟಿ ಎತ್ತುವಾಗ ಗಾಳದ ಮೇಲೆ ಕಣ್ಣು ಬಿತ್ತು, ಹಾಡು ನಿಂತಿತು.

ಗಂಟಿಗೆ ಬಾಲವಿರಲಿಲ್ಲ.

ಕಾಲು ಎಳೆದುಕೊಂಡು ಗುಡಿಸಲಿಗೆ ಬಂದ. ಹೊರಗೆ ಅಜ್ಜನ ಜತೆ ಪಂಪಣ್ಣ ಕೂತಿದ್ದ. ಇವನಿಗಿಂತ ಮುಂಚೆ ಬಾಲ ಕಳೆದುಕೊಂಡ ಹಳೆಯ ಶಿಷ್ಯ. ಹುಲುಗಪ್ಪ ಬುಟ್ಟಿಯನ್ನು ಪಕ್ಕಕ್ಕಿಟ್ಟು, ಗಾಳವನ್ನು ಅಜ್ಜನ ಮುಂದಿಟ್ಟು, ತಲೆ ತಗ್ಗಿಸಿ ನಿಂತ.

ಅಜ್ಜ ಜಗ್ಗಿ ನೋಡಿದ.

“ಗಂಟು ಚಂದ ಇಲ್ಲ.”

“ಅವಸರದಾಗ ಕಟ್ಟಿದ್ದು, ಅಜ್ಜಾರ.”

“ನಿನ್ನಿ ಗಾಳ ಎಲ್ಲಿ?”

“ಕಡಿದೆ. ಮೀನು ಮ್ಯಾಲೆ ಬಂದಿದ್ವು. ನನ್ನ ಗಾಳ ತಳದಾಗ ಕೂತಿತ್ತು.”

“ಅಷ್ಟು ಚಂದಂದು ಕಡಿದೆಯಾ?”

“ಮೀನಿಗೆ ಅದರ ಚಂದ ಬೇಕಿರಲಿಲ್ರಿ.”

ಅಜ್ಜನ ಮುಖ ನಿಧಾನಕ್ಕೆ ಅರಳತೊಡಗಿತು. ತಲೆ ತಗ್ಗಿಸಿದ್ದ ಹುಲುಗಪ್ಪನಿಗೆ ಅದು ಕಾಣಲಿಲ್ಲ.

“ತಪ್ಪು ಮಾಡೀನ್ರಿ,” ಅಂದ ಅವನು. “ಬಾಲಾನೂ ನಾನ ಕಡಿದುಬಿಟ್ಟೆ. ಕೈಗೆ ಅಡ್ಡ ಬರ್ತಿತ್ತು. ಕಡೀಬೇಕು ಅಂತ ಕಡೀಲಿಲ್ಲ, ಖಬರಿರಲಿಲ್ಲ. ನೀವು ಕಡಿಯೋದನ್ನ ನಾನು ಕಡಿದೆ. ಹೊರಗ ಹಾಕಿದ್ರ ಹೋಗ್ತೀನಿ.”

ಅಜ್ಜ ಎದ್ದು ನಿಂತ. ದಂಡೆಯ ಕೊನೆಯವರೆಗೂ ಕೇಳುವಂತೆ ಕೂಗಿದ.

“ಪಂಪಣ್ಣಾ! ಆ ಹೊಸ ಹರಿಗೋಲು ನೀರಿಗಿಳಿಸೋ! ನನ್ನ ಹುಲುಗಪ್ಪ ಕೆರಿಗೆ ಬಂದಾನ!”

ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆ ದನಿಯಲ್ಲಿದ್ದ ಹೆಮ್ಮೆಯನ್ನು ಅವರು ಮೊದಲೂ ಕೇಳಿದ್ದರು, ಆದರೆ ಇಷ್ಟು ಜೋರಾಗಿ ಕೇಳಿರಲಿಲ್ಲ. ಪಂಪಣ್ಣ ನಗುತ್ತಲೇ ಹರಿಗೋಲಿನ ಕಡೆ ಓಡಿದ.

ಹುಲುಗಪ್ಪ ಕಕ್ಕಾಬಿಕ್ಕಿಯಾದ.

“ಆದ್ರ ಅಜ್ಜಾರ, ಬಾಲ ಗುರುಗಳೇ ಕಡೀಬೇಕಲ್ರಿ? ಪಂಪಣ್ಣಂದು ನೀವೇ ಕಡಿದಿದ್ರಲ್ಲ? ಎಲ್ಲಾರದೂ ನೀವೇ ಕಡಿದಿದ್ರಲ್ಲ?”

ಅಜ್ಜ ಅವನ ಹೆಗಲ ಮೇಲೆ ಕೈಯಿಟ್ಟು, ಬಾಯಿ ಅಗಲಕ್ಕೆ ತೆರೆದು ತೋರಿಸಿದ. ಎಲೆ ಅಡಿಕೆಯ ಕೆಂಪು ಹತ್ತಿದ ಬರೀ ಒಸಡು.

“ಈ ಬಾಯಿಲೆ ನಾನು ಯಾರ ಬಾಲ ಕಡೀಲೋ ಮಗನ?”