ಚೌರಿ ಕೊಂಡೊಯ್ದ ಪಾಸ್ಕದ ಮೊಟ್ಟೆ

ನಗು ಬಂದರೆ ನಕ್ಕುಬಿಡಿ, ಆದರೆ ಅರುಳಮ್ಮನ ಮುಂದೆ ಮಾತ್ರ ನಗಬೇಡಿ. ಕೊಳ್ಳೇಗಾಲದ ಕಡೆಯ ಕ್ರೈಸ್ತರ ಕೇರಿಯಲ್ಲಿ ಆಕೆಗೆ ಒಬ್ಬನೇ ಮಗ, ಚೌರಿ. ಆಳೆತ್ತರ ಬೆಳೆದಿದ್ದ, ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಆಕೆಯ ಗೋಳು. ತಾನು ದಿನವೆಲ್ಲ ಅವನನ್ನು ಪೆದ್ದ ಅನ್ನುವಳು, ಬೇರೆಯವರು ಅಂದರೆ ಸಹಿಸಳು. ಎದುರುಮನೆಯ ತಂಗಿ ಸಿಸಿಲಿಯಮ್ಮ ಒಂದು ಮದುವೆಯಲ್ಲಿ ನಾಲ್ಕು ಜನರ ಮುಂದೆ ಹಾಗಂದಳು ಅಂತ ಅವಳ ಜೊತೆ ಮಾತೇ ಬಿಟ್ಟಿದ್ದಳು.

ಪಾಸ್ಕ ಹಬ್ಬ, ಅಂದರೆ ಈಸ್ಟರ್, ಹತ್ತಿರ ಬಂತು. ಆ ಕೇರಿಯಲ್ಲಿ ಒಂದು ಪದ್ಧತಿ. ಮಾತು ಬಿಟ್ಟವರ ಮನೆಗೆ ಹಬ್ಬದ ಬೆಳಿಗ್ಗೆ ಕೆಂಪು ಮೊಟ್ಟೆ ಕಳಿಸಬೇಕು. ಅವರು ಕೈಗೆ ತಗೊಂಡರೆ ಜಗಳ ಮುಗಿಯಿತು. ಅರುಳಮ್ಮನಿಗೆ ತಂಗಿ ಬೇಕಾಗಿತ್ತು. ತಾನೇ ಹೋಗಲು ಮಾತ್ರ ಬಿಗುಮಾನ.

"ಲೋ ಚೌರಿ, ಅಂಗಡಿಯಿಂದ ಮೊಟ್ಟೆ ತಾ."

ತಂದ. ಚೀಲ ಬೀಸಿಕೊಂಡು ತಂದ. ಚೀಲ ಸೋರುತ್ತಿತ್ತು.

"ಅಯ್ಯೋ ಪೆದ್ದೇ! ಬೇಯಿಸಿದ ಮೊಟ್ಟೆಯಾಗಿದ್ರೆ ಹಿಂಗೆ ಸೋರ್ತಿತ್ತೇನ್ಲಾ?"

"ಆಗ್ಲಿ ಕಣಮ್ಮ, ಇನ್ಮೇಲೆ ಬೇಯಿಸ್ತೀನಿ."

ಮನೆಯ ಕೋಳಿ ಕಾವಿಗೆ ಕೂತಿತ್ತು. "ಬುಟ್ಟೀಲಿ ಕೂಡಿಟ್ಟಿರೋ ಮೊಟ್ಟೆ ಅದರ ಕೆಳಗಿಡೋ, ಮರಿ ಮಾಡ್ಲಿ" ಅಂದಳು. ಚೌರಿ ಒಲೆ ಹಚ್ಚಿದ, ಚೆನ್ನಾಗಿ ಬೇಯಿಸಿದ, ಒರೆಸಿ ಕೆಳಗಿಟ್ಟ. ಪಾಪ, ಕೋಳಿ ನಂಬಿಕೊಂಡು ಕೂತಿತು.

"ಅಯ್ಯೋ ಪೆದ್ದೇ! ಕಾವಿಗೆ ಒಲೆ ಯಾಕ್ಲಾ? ಮೇಲೆ ಕೂತ್ರೆ ಸಾಕು, ಮೈಶಾಖಕ್ಕೇ ಬೆಚ್ಚಗಿರ್ತದೆ!"

"ಆಗ್ಲಿ ಕಣಮ್ಮ, ಇನ್ಮೇಲೆ ಕೂರ್ತೀನಿ."

ಬೆಂದದ್ದು ಬೆಂದಾಯಿತು. ಆ ಮೊಟ್ಟೆಗಳ ಮೇಲೇ ಅರುಳಮ್ಮ ಮೇಣದಲ್ಲಿ ಶಿಲುಬೆ ಬರೆದು, ಬೀಟ್‌ರೂಟ್ ನೀರಲ್ಲಿ ಅದ್ದಿ ಕೆಂಪು ಮಾಡಿದಳು. ಹಬ್ಬದ ಬೆಳಿಗ್ಗೆ ಇಡ್ಲಿ ಬೇಯಿಸಿ, ಮೊಟ್ಟೆಗಳ ಜೊತೆ ಪುಟ್ಟಿಯಲ್ಲಿಟ್ಟು, "ಪೂಜೆ ಮುಗಿಸ್ಕೊಂಡು ಬತ್ತೀನಿ, ಬಿಸಿ ಆರದಂಗೆ ನೋಡ್ಕೋ" ಅಂದಳು. ಚರ್ಚಿನ ಸ್ವಾಮಿಗಳ ಹತ್ತಿರ ಮಂತ್ರಿಸಿಕೊಂಡು ಬರಲು ಒಂದು ಮೊಟ್ಟೆ ಮಾತ್ರ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಬಂದು ನೋಡಿದರೆ ಚೌರಿ ಪುಟ್ಟಿಯ ಮೇಲೆ ಕೂತಿದ್ದ.

"ಅಯ್ಯೋ ಪೆದ್ದೇ! ತಿನ್ನೋದರ ಮೇಲೆ ಕೂರ್ತಾರೇನ್ಲಾ?" ಆಕೆಗೆ ಅಳುವೇ ಬಂತು. "ಉಳಿದಿರೋದು ಈ ಸೆರಗಿನ ಮೊಟ್ಟೆ ಒಂದೇ. ಚಿಕ್ಕಮ್ಮನಿಗೆ ಕೊಟ್ಟು ಬಾ. ಎರಡೂ ಕೈಲಿ ಹಿಡ್ಕೋ, ಏನೇ ಆಗ್ಲಿ ಕೈ ಬಿಡಬ್ಯಾಡ!"

"ಆಗ್ಲಿ ಕಣಮ್ಮ, ಬಿಡಲ್ಲ."

ಅರುಳಮ್ಮ ಬಾಗಿಲ ಸಂದಿಯಿಂದ ನೋಡುತ್ತ ನಿಂತಳು. ತಂಗಿ ಹೊರಗೆ ಬಂದಳು, ಮೊಟ್ಟೆ ನೋಡಿದಳು, ಕೈ ಚಾಚಿದಳು! ಅರುಳಮ್ಮನ ಎದೆ ಹಗುರವಾಯಿತು. ಆದರೆ ಚೌರಿ ಕೊಡಲೊಲ್ಲ.

"ಕೊಡು ಮಗಾ."

"ಏನೇ ಆದ್ರೂ ಕೈ ಬಿಡಬಾರ್ದು ಚಿಕ್ಕಮ್ಮ."

ಆಕೆ ಎಳೆದಳು, ಇವನು ಎಳೆದ. ಎಳೆದಾಡುತ್ತ ಎಳೆದಾಡುತ್ತ ಬೀದಿ ದಾಟಿ ಅಕ್ಕನ ಹೊಸಿಲಿಗೇ ಬಂದುಬಿಟ್ಟರು.

"ಬಿಡೋ ಚೌರಿ!" ಅರುಳಮ್ಮ ಕೂಗಿದಳು.

ಬಿಟ್ಟ. ಎರಡೂ ಕೈ ಒಟ್ಟಿಗೇ ಬಿಟ್ಟ. ಮೊಟ್ಟೆ ಕಲ್ಲಿನ ಮೇಲೆ ಬಿದ್ದು ಉರುಳಿ ಚರಂಡಿ ಸೇರಿತು.

"ಅಯ್ಯೋ ಪೆದ್ದೇ!" ಅಕ್ಕತಂಗಿ ಒಟ್ಟಿಗೇ ಅಂದರು.

ಸಿಸಿಲಿಯಮ್ಮ ಗಾಬರಿಯಿಂದ ಬಾಯಿ ಮುಚ್ಚಿಕೊಂಡಳು. ಅರುಳಮ್ಮ ಸಿಟ್ಟು ಬರಲಿ ಅಂತ ಕಾದಳು, ಬರಲಿಲ್ಲ. ತಂಗಿಯ ದನಿಯಲ್ಲಿ ತನ್ನದೇ ಸಂಕಟವಿತ್ತು, ತನ್ನದೇ ಅಕ್ಕರೆಯಿತ್ತು. ಇಷ್ಟು ದಿನ ಅದನ್ನು ಕೇಳಿಸಿಕೊಳ್ಳಲೇ ಇಲ್ಲವಲ್ಲ ಅಂತ ದುಃಖವಾಯಿತು.

"ಮೊಟ್ಟೆ ಹೋಯ್ತಲ್ಲೇ ಸಿಸಿಲಿ."

"ಹೋಗ್ಲಿ ಬಿಡಕ್ಕ. ತಿನ್ನೋಕೆ ಏನದೆ?"

"ಇವನು ಕೂತ ಇಡ್ಲಿ ಅದೆ."

"ಅದನ್ನೇ ಹಾಕು. ಬಾರೋ ಪೆದ್ದಾ, ನೀನೂ ತಿನ್ನು."

ಅರುಳಮ್ಮ ನಗುತ್ತ ಎಲೆ ಹಾಕಿದಳು. ಚೌರಿ ಮಾತ್ರ ಕೈಯೆರಡೂ ಅಗಲಿಸಿಕೊಂಡು ಹೊಸಿಲಲ್ಲೇ ನಿಂತಿದ್ದ.

"ಬಿಟ್ಟಿವ್ನಿ ಕಣಮ್ಮ. ಇನ್ನು ಇಡ್ಲಿ ಹಿಡ್ಕೋಬೌದಾ?"