ಎಣ್ಣೆಗೆ ಹೆಪ್ಪು ಹಾಕಿದವರು ಯಾರು?

ತಾನು ಕಣ್ಣಾರೆ ಕಾಣದ್ದು ಲೋಕದಲ್ಲಿ ಇರಲಾರದು ಎಂದು ಉದ್ದಂಡರಾಯ ನಂಬಿದ್ದ. ರಾಜನಾದವನು ಹಾಗೆ ನಂಬಿದರೆ ಯಾರು ಬೇಡವೆನ್ನುತ್ತಾರೆ? ಅವನು ಹಾಸಿಗೆ ಬಿಟ್ಟು ಏಳುವ ಹೊತ್ತಿಗೆ ಸೂರ್ಯ ಅರ್ಧ ಕೆಲಸ ಮುಗಿಸಿರುತ್ತಿದ್ದ ಎನ್ನುವುದು ಬೇರೆ ಮಾತು.

ಅವನಿಗೊಂದು ಶಬ್ದಕೋಶ ಬರೆಸುವ ಹುಚ್ಚು ಹಿಡಿಯಿತು. ಆಸ್ಥಾನದ ಪಂಡಿತ ಶೇಷಭಟ್ಟರು ಸಭೆಯಲ್ಲಿ ಒಂದೊಂದು ಪದದ ಅರ್ಥ ಓದಬೇಕು, ರಾಜ ತಲೆಯಾಡಿಸಬೇಕು, ಆಮೇಲೆ ಅದು ಕೋಶಕ್ಕೆ ಸೇರಬೇಕು. ರಾಜ ಕಾಣದ ಅರ್ಥಕ್ಕೆ ಅಲ್ಲಿ ಜಾಗವಿರಲಿಲ್ಲ.

ಮಾಗಿಯ ಒಂದು ಮಧ್ಯಾಹ್ನ 'ಹೆಪ್ಪುಗಟ್ಟು' ಎನ್ನುವ ಪದದ ಸರದಿ ಬಂತು.

"ಹಾಲು ಮೊಸರಾಗುವುದು," ಎಂದು ಭಟ್ಟರು ಓದಿದರು.

"ದಿನಾ ಉಣ್ಣುತ್ತೇನೆ. ಬರೆಯಿರಿ."

"ಗಾಯದಿಂದ ಬಂದ ರಕ್ತ ಗಟ್ಟಿಯಾಗುವುದು."

"ಯುದ್ಧದಲ್ಲಿ ನೋಡಿದ್ದೇನೆ. ಬರೆಯಿರಿ."

"ಕಡು ಚಳಿಗೆ ನೀರು ಕಲ್ಲಿನಂತಾಗುವುದು."

ರಾಜನ ತಲೆ ಅಲ್ಲಾಡಲಿಲ್ಲ. "ಇದನ್ನು ಯಾರು ಕಂಡವರು?"

ಭಟ್ಟರು ತಡವರಿಸಿದರು. "ಅರಮನೆಗೆ ಮೊಸರು ಕೊಡುವ ಮಾಕವ್ವ, ಪ್ರಭು. ಹೋದ ವರ್ಷ ಬದರಿಗೆ ಹೋಗಿದ್ದಳು."

ಮಾಕವ್ವ ಆಗ ಅಡುಗೆಮನೆಯಲ್ಲಿ ಗಡಿಗೆ ಇಳಿಸುತ್ತಿದ್ದಳು. ಅವಳನ್ನು ಹಾಗೇ ಕರೆತಂದರು.

"ಹೌದು ಬುದ್ಧಿ," ಎಂದಳು. "ಹೊಳೆ ಮೇಲೇ ನಡ್ಕೊಂಡು ಆಚೆ ದಡಕ್ಕೆ ಹೋದೆ. ಕಾಲು ಕೂಡ ಒದ್ದೆ ಆಗ್ಲಿಲ್ಲ."

"ಹೊಳೆಗೆ ಹೆಪ್ಪು ಹಾಕಿದವರು ಯಾರಮ್ಮ?" ಎಂದು ರಾಜ ಕೇಳಿದ.

"ಚಳಿ, ಬುದ್ಧಿ."

ಸಭೆ ನಕ್ಕಿತು. ರಾಜ ನಗಲಿಲ್ಲ. "ನನ್ನೆದುರೇ ಸುಳ್ಳೇ? ಇನ್ನು ಇವಳ ಮೊಸರು ಅರಮನೆಗೆ ಬೇಡ. ಊರಲ್ಲೂ ಯಾರೂ ಕೊಳ್ಳಕೂಡದು."

ಮೂವತ್ತು ವರ್ಷ ಮೊಸರು ಮಾರಿಯೇ ಬದುಕಿದ ಹೆಂಗಸು. ಎರಡು ಹೆಜ್ಜೆ ಮುಂದೆ ಬಂದಳು. "ಕಂಡದ್ದನ್ನ ಕಂಡೆ ಅಂದೆ. ಅಷ್ಟಕ್ಕೇ ಹೊಟ್ಟೆ ಮೇಲೆ ಹೊಡೀಬೇಡಿ ಬುದ್ಧಿ."

ಮಂತ್ರಿಗಳ ಸಾಲಿನ ಕೊನೆಯಲ್ಲಿ ಚೆನ್ನರಸ ಕೂತಿದ್ದ. ರಾಜನ ಜೊತೆ ಸಲಿಗೆಯಿಂದ ಮಾತಾಡುವ ಧೈರ್ಯ ಇದ್ದದ್ದು ಅವನೊಬ್ಬನಿಗೇ. ಅವನು ಮೆಲ್ಲಗೆ ಎದ್ದ.

"ಪ್ರಭು, ನನಗೊಂದು ಸಣ್ಣ ಅನುಮಾನ. ಬರಿಯ ಚಳಿಗೆ ಯಾವುದೂ ಹೆಪ್ಪುಗಟ್ಟುವುದಿಲ್ಲವೇ? ಕೊಬ್ಬರಿ ಎಣ್ಣೆ?"

ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. "ಐವತ್ತು ವರ್ಷದಿಂದ ದಿನವೂ ತಲೆಗೆ ಹಚ್ಚಿಸಿಕೊಳ್ಳುತ್ತಿದ್ದೇನೆ ಚೆನ್ನರಸ. ಒಂದು ದಿನವೂ ಗಟ್ಟಿಯಾದದ್ದು ಕಂಡಿಲ್ಲ. ನನ್ನ ಅರಮನೆಯ ಎಣ್ಣೆ ಹೆಪ್ಪುಗಟ್ಟಲಿ, ಬದರಿಯ ಹೊಳೆ ಹೆಪ್ಪುಗಟ್ಟಿತ್ತೆಂದು ನಾನೂ ಒಪ್ಪುತ್ತೇನೆ."

ಸಭೆಯಲ್ಲಿ ಕೂತಿದ್ದ ಒಬ್ಬೊಬ್ಬರ ಮನೆಯಲ್ಲೂ ಅಂದು ಬೆಳಿಗ್ಗೆ ಎಣ್ಣೆ ಗಟ್ಟಿಯಾಗಿತ್ತು. ಶೇಷಭಟ್ಟರಂತೂ ಕಡ್ಡಿ ಹಾಕಿ ಕೆದಕಿ ತೆಗೆದಿದ್ದರು. ಆದರೂ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಕೆಲವರು ಕೆಮ್ಮಿದರು.

"ನಾಲ್ಕು ದಿನ ಕೊಡಿ, ಪ್ರಭು," ಎಂದ ಚೆನ್ನರಸ. "ಅಲ್ಲಿಯವರೆಗೆ ಮಾಕವ್ವ ಮೊಸರು ಮಾರಿಕೊಳ್ಳಲಿ."

ರಾಜ ಒಪ್ಪಿದ.

ಮೊದಲ ದಿನ ಕಳೆಯಿತು. ಎರಡನೆಯದೂ ಕಳೆಯಿತು. ಮೂರನೆಯ ದಿನ ಮಧ್ಯಾಹ್ನ ರಾಜ ಮೀಸೆ ತಿರುವುತ್ತ ಕೇಳಿದ, "ಎಲ್ಲಿ ನಿನ್ನ ಸಾಕ್ಷಿ?"

"ಮೂರು ದಿನವೂ ತಂದು ತಮ್ಮ ಮಲಗುವ ಮನೆಯ ಬಾಗಿಲಲ್ಲಿ ಇಟ್ಟುಕೊಂಡು ಕೂತಿದ್ದೆ ಪ್ರಭು. ತಾವು ಏಳುವಷ್ಟರಲ್ಲಿ ಕರಗಿಹೋಗುತ್ತದೆ."

"ನಿದ್ದೆ ಮುಗಿಯುವವರೆಗೆ ಕಾಯದ ಸಾಕ್ಷಿ ಎಂಥ ಸಾಕ್ಷಿ?"

"ಎಬ್ಬಿಸೋಣವೆಂದರೆ, ನಿದ್ದೆ ಕೆಡಿಸಿದವನನ್ನು ಗಡೀಪಾರು ಮಾಡುವುದು ತಮ್ಮದೇ ಕಾನೂನು."

ರಾಜನ ಮುಖ ಕೆಂಪಾಯಿತು. "ನಾಳೆ ನಾನೇ ಏಳುತ್ತೇನೆ."

ಮರುದಿನ ರಾಜ ನಿಜವಾಗಿಯೂ ಎದ್ದ. ಬೆಳಗಿನ ಜಾವ ಅವನು ಅಂಗಳ ದಾಟುವುದನ್ನು ಕಂಡ ಕಾವಲುಗಾರರು ಶತ್ರುಗಳು ಕೋಟೆಗೆ ನುಗ್ಗಿದರೆಂದು ಕತ್ತಿ ಹಿರಿದರು. ಅಡುಗೆಯವರು ಒಲೆ ಹೊತ್ತಿಸುವುದನ್ನೇ ಮರೆತು ನಿಂತರು. ಕಂಬಳಿ ಹೊದ್ದು, ಆಕಳಿಸುತ್ತ ರಾಜ ಬಚ್ಚಲಮನೆಗೆ ಬಂದ. ಅಲ್ಲಿ ಚೆನ್ನರಸ, ಮಾಕವ್ವ, ಶೇಷಭಟ್ಟರು, ಎಣ್ಣೆ ಹಚ್ಚುವ ಕೆಂಚ ಕಾಯುತ್ತಿದ್ದರು.

ಚೆನ್ನರಸ ರಾಜನ ಬೆಳ್ಳಿಯ ಗಿಂಡಿಯನ್ನೇ ಎತ್ತಿ ತಲೆಕೆಳಗು ಮಾಡಿದ. ಒಂದು ಹನಿಯೂ ಬೀಳಲಿಲ್ಲ.

ರಾಜ ಒಳಗೆ ಬೆರಳಿಟ್ಟು ನೋಡಿದ. ಬೆಳ್ಳಗೆ, ಗಟ್ಟಿಯಾಗಿತ್ತು. "ಇದಕ್ಕೆ ಹೆಪ್ಪು ಹಾಕಿದವರು ಯಾರು?"

"ಚಳಿ, ಬುದ್ಧಿ," ಎಂದಳು ಮಾಕವ್ವ.

"ಕೆಂಚ, ಎಷ್ಟು ದಿನದಿಂದ ಹೀಗಾಗುತ್ತಿದೆ?"

ಕೆಂಚ ಕೈಮುಗಿದ. "ನಮ್ಮಪ್ಪನ ಕಾಲದಿಂದ್ಲೂ ಪ್ರತಿ ಮಾಗೀಲೂ ಹಿಂಗೇ ಬುದ್ಧಿ. ತಾವು ಏಳೋ ಹೊತ್ಗೆ ಬಿಸಿಲಿಗಿಟ್ಟು ಕರಗಿಸಿರ್ತೀವಿ. ತಮ್ಮ ತಲೆಗೆ ತಣ್ಣಗಾಗ್ಬಾರ್ದಲ್ಲ."

ರಾಜ ಗಿಂಡಿಯನ್ನೇ ನೋಡುತ್ತ ನಿಂತ. ಆಮೇಲೆ ಅವನಿಗೇ ನಗು ಬಂತು. "ಊರಿಗೆಲ್ಲ ಗೊತ್ತಿರುವುದು ನನ್ನ ಬಚ್ಚಲಲ್ಲೇ ಆಗುತ್ತಿದ್ದರೂ ನನಗೊಬ್ಬನಿಗೇ ಮುಚ್ಚಿಟ್ಟಿರಲ್ಲ. ಆಯಿತು, ಸೋತೆ. ಮಾಕವ್ವ, ಇನ್ನು ನನ್ನ ಊಟಕ್ಕೆ ನಿನ್ನ ಮೊಸರಲ್ಲದೆ ಬೇರೆ ಬೇಡ."

ಮಾಕವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಶೇಷಭಟ್ಟರು ಗಂಟಲು ಸರಿಮಾಡಿಕೊಂಡರು. "ಎಣ್ಣೆಯದನ್ನು ಬರೆದುಕೊಳ್ಳುತ್ತೇನೆ. ಆದರೆ ನೀರಿನದು? ಪ್ರಭುಗಳು ಅದನ್ನು ಇನ್ನೂ ಕಣ್ಣಾರೆ ಕಂಡಿಲ್ಲ."

"ಅದಕ್ಕೇನು," ಎಂದ ಚೆನ್ನರಸ. "ಪ್ರಭುಗಳೇ ಬದರಿಗೆ ಹೋಗಿ ನೋಡಿ ಬರಲಿ. ಹೋಗುವುದಕ್ಕೆ ನಾಲ್ಕು ತಿಂಗಳು, ಬರುವುದಕ್ಕೆ ನಾಲ್ಕು ತಿಂಗಳು."

"ಹೋದರಾಯಿತು," ಎಂದ ರಾಜ. "ದಾರಿ ಹೇಗಿದೆ ಮಾಕವ್ವ?"

"ದಾರಿ ಚೆನ್ನಾಗೇ ಐತೆ ಬುದ್ಧಿ. ಬಿಸಿಲೇರೋಕೆ ಮುಂಚೆ ನಡೀಬೇಕು, ಅಷ್ಟೇ. ದಿನಾ ಕೋಳಿ ಕೂಗೋ ಹೊತ್ಗೆ ಏಳ್ಬೇಕಾಯ್ತದೆ."

ರಾಜ ಕಂಬಳಿಯನ್ನು ಕಿವಿಯವರೆಗೆ ಎಳೆದುಕೊಂಡು ಮಲಗುವ ಮನೆಯ ಕಡೆ ತಿರುಗಿದ.

"ಬರೆದುಕೊಳ್ಳಿ ಭಟ್ಟರೇ, ನೀರೂ ಹೆಪ್ಪುಗಟ್ಟುತ್ತದೆ. ಮಾಕವ್ವ ನೋಡಿದ್ದಾಳೆ, ಸಾಕು."